ಹತ್ತು ಸೆಕೆಂಡಿನೊಳಗೆ ಯಾರು ಮೊದಲು ಒತ್ತಬೇಕು?

೨೦೦೭ನೆಯ ಇಸವಿಯ ಜೂನ್ ತಿಂಗಳಿನಲ್ಲಿ ನನಗೆ ನಲವತ್ತೆರಡು ವರ್ಷ ಮೂರು ತಿಂಗಳು. ಗೌರಿಬಿದನೂರಿನ ಪ್ರೌಢಶಾಲೆಯೊಂದರಲ್ಲಿ ಹದಿನೇಳು ವರ್ಷ ಕನ್ನಡ ಕಲಿಸಿಕೊಂಡಿದ್ದ ನನ್ನನ್ನು ಆ ತಿಂಗಳು ಇಲಾಖೆಯು ಇದ್ದಕ್ಕಿದ್ದಂತೆ ಶಿಕ್ಷಕರ ಕಂಪ್ಯೂಟರ್ ತರಬೇತುದಾರನನ್ನಾಗಿ ನಿಯೋಜಿಸಿತು. ಕಾರಣವೇನೆಂದು ವಿಚಾರಿಸಿದಾಗ ಮೇಲಧಿಕಾರಿಗಳು, “ನೀವು ಬೋರ್ಡ್ ಮೇಲೆ ಬರೆದ್ರೆ ಸಾಲು ಸೊಟ್ಟ ಹೋಗಲ್ಲ ಕಣ್ರೀ ಮೇಷ್ಟ್ರೇ. ಅಷ್ಟು ಶಿಸ್ತು ಇರೋರಿಗೆ ಮಿಷನ್ ಮಾತು ಕೇಳದೆ ಇರುತ್ತಾ?” ಎಂದರು. ಮಿಷನ್ ಮಾತು ಕೇಳುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ನನಗೆ ಏಳು ತಿಂಗಳು ಬೇಕಾಯಿತು.

ಈ ಕೆಲಸಕ್ಕೆ ಹೊಸದಾಗಿ ಸೇರಿದ ಕೆಲವು ತರುಣ ತರುಣಿಯರು ಇತ್ತೀಚೆಗೆ ನನ್ನ ಮನೆಗೆ ಬಂದು, ‘ಆಗ ಹೇಗಿತ್ತು ಸಾರ್’ ಎಂದು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನನ್ನ ಬಡ್ತಿಗಳು ಸೇವಾ ಪುಸ್ತಕದಲ್ಲಿ ಸುಖವಾಗಿವೆ, ಅವು ಅಲ್ಲಿಯೇ ಇರಲಿ. ಇಲ್ಲಿ ಬರೆಯುವುದು ಒಂದು ಲ್ಯಾಪ್‌ಟಾಪ್‌ನೊಳಗೆ ನಾನು ಎರಡು ಕಾರ್ಯಾಚರಣಾ ವ್ಯವಸ್ಥೆಗಳನ್ನು, ಅಂದರೆ ಆಪರೇಟಿಂಗ್ ಸಿಸ್ಟಮ್‌ಗಳನ್ನು, ಕೂಡಿಸಿಟ್ಟು ಪಟ್ಟ ಪಾಡನ್ನು. ಪಾಡು ಎಂದೆನಾದರೂ ನೆನೆದಾಗಲೆಲ್ಲ ನಗು ಬರುತ್ತದೆ. ಬರೆಯುವ ಈ ಹೊತ್ತಿನಲ್ಲಿಯೂ ಎರಡು ಬಾರಿ ಲೇಖನಿ ಕೆಳಗಿಟ್ಟಿದ್ದೇನೆ.

ನಾಲ್ಕು ಊರುಗಳಿಗೆ ಸೇರಿ ಒಂದೇ ಲ್ಯಾಪ್‌ಟಾಪ್. ಸೋಮವಾರ, ಮಂಗಳವಾರ ಚಿಕ್ಕಬಳ್ಳಾಪುರ, ಬುಧವಾರ ಗೌರಿಬಿದನೂರು, ಗುರುವಾರ ಚಿಂತಾಮಣಿ, ಶುಕ್ರವಾರ ಶಿಡ್ಲಘಟ್ಟ. ಅದರ ಜೊತೆ ಬಂದಿದ್ದ ಚೀಲದ ಜಿಪ್ಪು ಮೊದಲ ವಾರವೇ ಕೈಕೊಟ್ಟಿತು. ದರ್ಜಿಯೊಬ್ಬರಿಂದ ಕಂದು ರೆಕ್ಸಿನ್ನಿನ ಚೀಲವೊಂದನ್ನು ಹೊಲಿಸಿಕೊಂಡೆ. ಅವರು ಒಳಗೆ ಹತ್ತಿ ತುಂಬಿ ಎಷ್ಟು ಮುತುವರ್ಜಿಯಿಂದ ಹೊಲಿದರೆಂದರೆ, ಮಂಚೇನಹಳ್ಳಿಯಲ್ಲಿ ಬಸ್ಸು ಹತ್ತಿದ ಕಂಡಕ್ಟರೊಬ್ಬರು ಅದನ್ನು ತಟ್ಟಿ ನೋಡಿ, “ಹಾರ್ಮೋನಿಯಂಗೆ ಲಗೇಜ್ ಆಗುತ್ತೆ ಸಾರ್” ಎಂದರು. ಇದು ಹಾರ್ಮೋನಿಯಂ ಅಲ್ಲವೆಂದು ತೆರೆದು ತೋರಿಸಿದೆ. ಪಕ್ಕದಲ್ಲಿ ಕಡಲೆಕಾಯಿ ಮೂಟೆಯ ಮೇಲೆ ಕುಳಿತಿದ್ದ ಅಜ್ಜಿ, “ಬಿಡಪ್ಪಾ ಕಂಡಕ್ಟ್ರಣ್ಣ, ಪಾಪ, ನುಡಿಸಕ್ಕೆ ಬರದೇ ಇದ್ರೂ ಹೊತ್ಕೊಂಡು ತಿರುಗ್ತಾರೆ” ಎಂದು ನನ್ನ ಪರವಾಗಿ ವಾದಿಸಿದರು.

ಎರಡನೆಯ ವ್ಯವಸ್ಥೆಯ ಕಥೆ ಆರಂಭವಾದದ್ದು ಶಿಡ್ಲಘಟ್ಟದಲ್ಲಿ. ಅಲ್ಲಿಯ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಶಮೀಮ್ ಬಾನು ಎಂಬ ಗಣಿತ ಶಿಕ್ಷಕಿಯಿದ್ದರು. ಮಾತು ಕಡಿಮೆ, ಆಡಿದರೆ ಮಧ್ಯದ ಹೆಜ್ಜೆಗಳನ್ನು ಬಿಟ್ಟು ನೇರವಾಗಿ ಉತ್ತರಕ್ಕೇ ಬರುವವರು. ಮೂರನೆಯ ಶುಕ್ರವಾರ ತರಬೇತಿ ಮುಗಿದ ಮೇಲೆ ಅವರು ನನ್ನನ್ನು ಕಾರಿಡಾರಿನ ಕೊನೆಗೆ ಕರೆದೊಯ್ದು, ಬೀಗ ಹಾಕಿದ್ದ ಕೊಠಡಿಯೊಂದರ ಕಿಟಕಿಯನ್ನು ತೋರಿಸಿದರು. ಗಾಜಿನ ಧೂಳು ಒರೆಸಿ ಇಣುಕಿದೆ. ಎಂಟು ಕಂಪ್ಯೂಟರುಗಳು ಹಳೆಯ ಸೀರೆಯ ತುಂಡುಗಳನ್ನು ಹೊದ್ದು ಮಲಗಿದ್ದವು. ಯಾವುದೋ ಕಚೇರಿಯವರು ತಮಗೆ ಹಳತಾಯಿತೆಂದು ದಾನ ಮಾಡಿದ್ದ ಯಂತ್ರಗಳು ಅವು. ಅವುಗಳಲ್ಲಿ ಯಾವ ವ್ಯವಸ್ಥೆಯೂ ಉಳಿದಿರಲಿಲ್ಲ. ಹೊಸ ವಿಂಡೋಸ್ ಅನ್ನು ಹೊರುವ ಶಕ್ತಿಯೂ ಅವಕ್ಕಿರಲಿಲ್ಲ.

“ಎರಡು ವರ್ಷ ಆಯ್ತು ಸಾರ್ ಬೀಗ ಬಿದ್ದು. ನನ್ನ ಹುಡುಗೀರು ದಿನಾ ಕಿಟಕೀಲಿ ನೋಡಿ ಹೋಗ್ತಾರೆ. ರೇಷ್ಮೆ ರೀಲಿಂಗ್ ಮಾಡೋರ ಮನೆ ಮಕ್ಕಳು. ಇಲ್ಲಿ ಮುಟ್ಟದೇ ಹೋದ್ರೆ ಇನ್ನೆಲ್ಲೂ ಮುಟ್ಟಲ್ಲ. ಬರೋ ವರ್ಷ ಹರಾಜಿಗೆ ಹಾಕ್ತಾರಂತೆ” ಎಂದು ಹೇಳಿ, ಪರ್ಸಿನಿಂದ ಒಂದು ಸಿ.ಡಿ. ತೆಗೆದರು. ಅದರಲ್ಲಿ ಲಿನಕ್ಸ್ ಎಂಬ ಬೇರೊಂದು ವ್ಯವಸ್ಥೆಯಿತ್ತು. ಯಾರು ಬೇಕಾದರೂ ಹಾಕಿಕೊಳ್ಳಬಹುದಾದದ್ದು, ಹಳೆಯ ಯಂತ್ರಗಳನ್ನೂ ಎಬ್ಬಿಸಬಲ್ಲದ್ದು. “ಆರ್ಡರ್ ಇಲ್ದೆ ನಮ್ಮ ಹೆಡ್‌ಮೇಡಂ ಬೀಗ ತೆಗೆಯಲ್ಲ. ನೋಡದೆ ಸಾಹೇಬ್ರು ಆರ್ಡರ್ ಕೊಡಲ್ಲ. ಮೊದಲು ನಿಮ್ಮ ಲ್ಯಾಪ್‌ಟಾಪಲ್ಲಿ ಹಾಕಿ ತೋರಿಸಣ ಸಾರ್.”

ಇಲಾಖೆಯ ಲ್ಯಾಪ್‌ಟಾಪ್‌ನಲ್ಲಿರುವ ವಿಂಡೋಸ್ ಅನ್ನು ಅಳಿಸುವಂತಿರಲಿಲ್ಲ. ಆದ್ದರಿಂದ ಎರಡನ್ನೂ ಅಕ್ಕಪಕ್ಕದಲ್ಲಿ ಇರಿಸಬೇಕಾಗಿತ್ತು. ಇದನ್ನು ನಾನು ಮುಂದೆ ತರಬೇತಿಗಳಲ್ಲಿ ಹೀಗೆ ವಿವರಿಸುತ್ತಿದ್ದೆ: ಒಂದೇ ಶಾಲಾ ಕಟ್ಟಡ, ಅದರಲ್ಲಿ ಬೆಳಗಿನ ಪಾಳಿಯದೊಂದು ಶಾಲೆ, ಮಧ್ಯಾಹ್ನದ ಪಾಳಿಯದೊಂದು ಶಾಲೆ. ಎರಡೂ ಏಕಕಾಲದಲ್ಲಿ ನಡೆಯುವುದಿಲ್ಲ. ಯಂತ್ರವನ್ನು ಚಾಲೂ ಮಾಡಿದೊಡನೆ ಗೇಟಿನಲ್ಲಿ ಜವಾನನಂತೆ ಒಂದು ಪಟ್ಟಿ ನಿಂತು, ‘ಯಾವ ಶಾಲೆಗೆ?’ ಎಂದು ಕೇಳುತ್ತದೆ. ಹತ್ತು ಸೆಕೆಂಡಿನೊಳಗೆ ಬಾಣದ ಕೀಲಿಯಿಂದ ಆರಿಸಿ ಎಂಟರ್ ಒತ್ತಬೇಕು. ಒತ್ತದಿದ್ದರೆ ತನಗೆ ಮೊದಲೇ ಹೇಳಿಟ್ಟಿರುವ ಬಾಗಿಲನ್ನು ತಾನೇ ತೆರೆಯುತ್ತದೆ.

ಆ ಹತ್ತು ಸೆಕೆಂಡುಗಳನ್ನು ದಯವಿಟ್ಟು ನೆನಪಿನಲ್ಲಿಡಿ.

ಸಿದ್ಧತೆಗೆ ಹನ್ನೊಂದು ದಿನ ತೆಗೆದುಕೊಂಡೆ. ಡಿಸ್ಕಿನ ಎಷ್ಟು ಭಾಗ ಯಾರಿಗೆ, ಗೋಡೆ ಎಲ್ಲಿ ಎಂಬುದನ್ನೆಲ್ಲ ಗೆರೆ ಎಳೆದ ಉದ್ದ ಪುಸ್ತಕದಲ್ಲಿ ನಕ್ಷೆ ಸಮೇತ ಬರೆದೆ. ಇದ್ದ ಕಡತಗಳನ್ನೆಲ್ಲ ಹದಿನಾಲ್ಕು ಸಿ.ಡಿ.ಗಳಿಗೆ ನಕಲು ಮಾಡಿದೆ. ಭಾನುವಾರ ಬೆಳಗ್ಗೆ ಸ್ನಾನ ಮುಗಿಸಿ ಯಂತ್ರದ ಮುಂದೆ ಕುಳಿತವನನ್ನು ನೋಡಿ ನನ್ನ ಪತ್ನಿ, “ನಮ್ಮ ಮದುವೆ ಮುಹೂರ್ತಕ್ಕೂ ಇಷ್ಟು ಲೆಕ್ಕ ಹಾಕಿರ್ಲಿಲ್ಲ ನೀವು” ಎಂದರು. ಕೊನೆಯ ಹಂತದಲ್ಲಿ, ಡಿಸ್ಕಿನ ಮೇಲೆ ಬರೆಯಲೇ ಎಂದು ಪರದೆಯು ಕೇಳಿದಾಗ ನಾನು ಇಪ್ಪತ್ತು ನಿಮಿಷ ಒತ್ತದೆ ಕುಳಿತಿದ್ದೆ. ಆಕೆ ಬಂದು, “ಒತ್ತೀರೋ ಇಲ್ವೋ, ಉಪ್ಪಿಟ್ಟು ಆರ್ತಾ ಇದೆ” ಎಂದಾಗ ಒತ್ತಿದೆ. ಮುಕ್ಕಾಲು ಗಂಟೆಯ ನಂತರ ಪಟ್ಟಿ ಮೂಡಿತು. ಮೊದಲ ಸಾಲು ಒತ್ತಿದರೆ ಹೊಸತು ಬಂತು. ಕೊನೆಯ ಸಾಲು ಒತ್ತಿದರೆ ಹಳತು ಬಂತು. ಯಾರೂ ಯಾರನ್ನೂ ತಿಂದಿರಲಿಲ್ಲ. ನಾನು ಕುಣಿದೆನೆಂದು ನನ್ನ ಪತ್ನಿ ಇಂದಿಗೂ ವಾದಿಸುತ್ತಾರೆ. ಎದ್ದು ನಿಂತದ್ದಷ್ಟೇ ನನಗೆ ನೆನಪು.

ಮೊದಲ ಪೆಟ್ಟು ಬುಧವಾರವೇ ಬಿತ್ತು. ಗೌರಿಬಿದನೂರಿನ ತರಬೇತಿಗೆ ಇಪ್ಪತ್ತೆರಡು ಮಂದಿ ಶಿಕ್ಷಕರು ಬಂದಿದ್ದರು. ಯಂತ್ರವನ್ನು ಚಾಲೂ ಮಾಡಿ, ಪಟ್ಟಿ ಮೂಡಿದೊಡನೆ ಹಿರಿಯರೊಬ್ಬರನ್ನು ಕರೆದು, “ದಯವಿಟ್ಟು ಕೆಳಗಿನ ಸಾಲಿಗೆ ಹೋಗಿ ಎಂಟರ್ ಒತ್ತಿ” ಎಂದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡು, “ಛೆ ಛೆ, ನಮ್ಮ ಹೆಡ್‌ಮಾಸ್ಟ್ರು ಇರೋವಾಗ ನಾನು ಮೊದಲು ಒತ್ತೋದಾ? ಸಾರ್, ನೀವು ಒತ್ತಿ” ಎಂದರು. ಹೆಡ್‌ಮಾಸ್ತರರು, “ಬ್ಯಾಡ್ರೀ, ಅತಿಥಿಗಳು ಮಂಚೇನಹಳ್ಳಿಯಿಂದ ಬಂದವ್ರೆ, ಅವರು ಒತ್ಲಿ” ಎಂದರು. ಮಂಚೇನಹಳ್ಳಿಯವರು, “ಮಹಿಳೆಯರಿಗೆ ಮೊದಲು” ಎಂದರು. ಅಷ್ಟರಲ್ಲಿ ಹತ್ತು ಸೆಕೆಂಡು ಮುಗಿದು ಲಿನಕ್ಸ್ ತೆರೆದುಕೊಂಡಿತ್ತು. ಎಲ್ಲರ ಟಿಪ್ಪಣಿ ಪುಸ್ತಕಗಳಲ್ಲಿಯೂ ನಾನೇ ಬರೆಸಿದ್ದ ಮೊದಲ ವಾಕ್ಯ, ‘ಪರದೆಯ ಕೆಳಗೆ ಎಡತುದಿಯಲ್ಲಿರುವ ಗುಂಡಿಯನ್ನು ಒತ್ತತಕ್ಕದ್ದು’ ಎಂದಿತ್ತು. ಆ ಮೂಲೆಯಲ್ಲಿ ಗುಂಡಿಯೇ ಇಲ್ಲ! ಇಪ್ಪತ್ತೆರಡು ಮಂದಿ ನನ್ನನ್ನು ನೋಡಿದರು. ಪುನಃ ಆರಂಭಿಸಿದೆ. ಪುನಃ ‘ತಾವು’, ‘ಇಲ್ಲ, ತಾವು’. ನಾಲ್ಕು ಬಾರಿ ಆರಂಭಿಸಿದೆ. ನಾಲ್ಕು ಬಾರಿಯೂ ಮರ್ಯಾದೆ ಗೆದ್ದಿತು.

ತರುಣ ಮಿತ್ರರೇ, ಯಂತ್ರವನ್ನು ತಯಾರಿಸಿದವರು ನಮ್ಮ ತರಬೇತಿ ಕೊಠಡಿಯಲ್ಲಿ ಒಂದು ದಿನವೂ ಕುಳಿತಿರಲಿಲ್ಲವೆಂಬುದು ನನಗೆ ಅಂದು ಖಚಿತವಾಯಿತು.

ಪರಿಹಾರ ಸರಳವಾಗಿತ್ತು. ಯಾರೂ ಒತ್ತದಿದ್ದರೆ ವಿಂಡೋಸ್ ತೆರೆಯಬೇಕು. ಆ ಪಟ್ಟಿಯು ಒಂದು ಸಾಧಾರಣ ಬರಹದ ಕಡತದಲ್ಲಿರುತ್ತದೆ; ಅದರಲ್ಲಿ ಎಷ್ಟನೆಯ ಸಾಲು ಎಂಬ ಅಂಕಿಯನ್ನು ಬದಲಾಯಿಸಿದರಾಯಿತು. ಸಾಲುಗಳನ್ನು ಎಣಿಸಿದೆ. ಲಿನಕ್ಸ್, ಒಂದು. ಅದರದೇ ದುರಸ್ತಿಯ ಬಾಗಿಲು, ಎರಡು. ಯಂತ್ರದ ನೆನಪಿನ ಶಕ್ತಿಯನ್ನು ಪರೀಕ್ಷಿಸುವ ಸಾಲು, ಮೂರು. ಆಮೇಲೆ ‘ಇತರ ವ್ಯವಸ್ಥೆಗಳು’ ಎಂಬ ಶೀರ್ಷಿಕೆ. ಶೀರ್ಷಿಕೆಯನ್ನು ಯಾರೂ ಎಣಿಸುವುದಿಲ್ಲ. ಕೊನೆಗೆ ವಿಂಡೋಸ್, ನಾಲ್ಕು. ‘ನಾಲ್ಕು’ ಎಂದು ಬರೆದೆ. ಯಂತ್ರ ವಿಧೇಯವಾಗಿ ವಿಂಡೋಸನ್ನು ತೆರೆಯಿತು. ನನ್ನ ವಿಧಾನದ ಬಗ್ಗೆ ನನಗೆ ಅಪಾರ ಹೆಮ್ಮೆಯಾಯಿತು. ಆ ಎಣಿಕೆಯನ್ನು ಹಾಳೆಯೊಂದರಲ್ಲಿ ಅಂದವಾಗಿ ಬರೆದು ಚೀಲದ ಒಳಜೇಬಿನಲ್ಲಿಯೂ ಇಟ್ಟುಕೊಂಡೆ.

ಎರಡನೆಯ ಪೆಟ್ಟು ಚಿಂತಾಮಣಿಯಲ್ಲಿ. ಅಲ್ಲಿ ತರಬೇತಿ ನಡೆಯುತ್ತಿದ್ದದ್ದು ವೆಂಕಟರೆಡ್ಡಿಯವರು ಮುಖ್ಯೋಪಾಧ್ಯಾಯರಾಗಿದ್ದ ಶಾಲೆಯಲ್ಲಿ. ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ ಹಿರಿಯರು. ಮನೆಮಾತು ತೆಲುಗು, ಸ್ವಭಾವ ತುಂಟತನ. ನನ್ನನ್ನು ‘ಪಂಡಿತರೇ’ ಎಂದೇ ಕರೆಯುತ್ತಿದ್ದರು. ಆ ಗುರುವಾರ ಎರಡನೆಯ ವ್ಯವಸ್ಥೆಯನ್ನು ಶಿಕ್ಷಕರಿಗೆ ಪರಿಚಯಿಸುತ್ತಿದ್ದೆ. ಬೆಳಗ್ಗೆ ಹನ್ನೊಂದು ಗಂಟೆ. ರೆಡ್ಡಿಯವರು ಪರದೆಯ ಮೂಲೆಗೆ ಬೆರಳು ಮಾಡಿ,

“ಪಂಡಿತರೇ, ಟೈಮ್ ಎಷ್ಟು?” ಎಂದರು.

“ಹನ್ನೊಂದು.”

“ಮಿಷನ್ ನಾಲ್ಕೂವರೆ ಅಂತೈತಲ್ಲ. ಮಿಷನ್ ಸುಳ್ಳು ಹೇಳಲ್ಲ ಅಂತ ನೀವೇ ಅಲ್ವಾ ಹೋದ ವಾರ ಹೇಳಿದ್ದು? ಏಮಯ್ಯಾ, ಬೆಲ್ ಹೊಡೀರಿ!”

ಆದದ್ದಿಷ್ಟು. ಯಂತ್ರದೊಳಗಿನ ಗಡಿಯಾರವು ನಮ್ಮ ದೇಶದ ಸಮಯವನ್ನು ತೋರಿಸುತ್ತದೆಂದು ಒಂದು ವ್ಯವಸ್ಥೆ ತಿಳಿದರೆ, ಅದು ಲಂಡನ್ನಿನ ಕಡೆಯ ಸಮಯವೆಂದು ಇನ್ನೊಂದು ತಿಳಿದು, ತಾನೇ ಮುತುವರ್ಜಿಯಿಂದ ಐದೂವರೆ ಗಂಟೆ ಸೇರಿಸುತ್ತಿತ್ತು. ಒಂದು ಸಾಲು ತಿದ್ದಿದರೆ ಸರಿಹೋಗುವ ವಿಷಯ. ಅದನ್ನು ನಾನು ಸಾವಕಾಶವಾಗಿ, ಭೂಗೋಳದ ನಕಾಶೆಯ ಸಹಾಯದಿಂದ, ರೇಖಾಂಶಗಳನ್ನು ಗುರುತಿಸಿ ವಿವರಿಸುತ್ತಿರುವಾಗ, ರೆಡ್ಡಿಯವರ ಹಾಸ್ಯವನ್ನು ಅಪ್ಪಣೆಯೆಂದೇ ತಿಳಿದ ಹಿಂದಿನ ಬೆಂಚಿನ ಇಬ್ಬರು ಮೆಲ್ಲಗೆ ಎದ್ದು ಹೋಗಿದ್ದರು. ಬಸ್ ನಿಲ್ದಾಣದಲ್ಲಿ ಅವರು ಟೀ ಕುಡಿಯುತ್ತಿದ್ದಾಗ ಮೇಲಧಿಕಾರಿಗಳ ಜೀಪು ಬಂದು ನಿಂತಿತು.

“ತರಬೇತಿ ಬಿಟ್ಟು ಇಲ್ಲೇನ್ರೀ ಮಾಡ್ತಿದೀರಿ?”

“ಮುಗೀತು ಸಾರ್. ಲ್ಯಾಪ್‌ಟಾಪಲ್ಲಿ ನಾಲ್ಕೂವರೆ ಆಯ್ತು.”

ಸೋಮವಾರ ನನಗೆ ನೋಟೀಸು ಬಂತು. ಇಲಾಖೆಯ ಲ್ಯಾಪ್‌ಟಾಪಿನಲ್ಲಿ ಅನುಮತಿಯಿಲ್ಲದೆ ಇನ್ನೊಂದು ವ್ಯವಸ್ಥೆಯನ್ನು ಅಳವಡಿಸಿ ಶಿಕ್ಷಕರ ಕರ್ತವ್ಯದ ಅವಧಿಯನ್ನು ಐದೂವರೆ ಗಂಟೆಗಳಷ್ಟು ಮೊಟಕುಗೊಳಿಸಿದ್ದಕ್ಕೆ ವಿವರಣೆ ಕೊಡಬೇಕಂತೆ. ನಾಲ್ಕು ಪುಟಗಳ ವಿವರಣೆ ಬರೆದು, ಅನುಬಂಧವಾಗಿ ರೇಖಾಂಶದ ನಕ್ಷೆಯನ್ನು ಲಗತ್ತಿಸಿ, ಚಿಕ್ಕಬಳ್ಳಾಪುರದ ಕಚೇರಿಗೆ ಹೋದೆ. ಜಿಲ್ಲೆ ಆಗಷ್ಟೇ ಬೇರೆಯಾದ ವರ್ಷವದು. ಬೋರ್ಡುಗಳ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಸಾಹೇಬರು, ಅಂದರೆ ಅದೇ ಮೇಲಧಿಕಾರಿಗಳು, ದಪ್ಪ ಮೀಸೆಯ, ಗಟ್ಟಿ ದನಿಯ, ಒಮ್ಮೆ ಗಣಿತದ ಮೇಷ್ಟ್ರಾಗಿದ್ದ ಮನುಷ್ಯ. ಪುಟಗಳನ್ನು ತೂಗಿ ನೋಡಿದರು. ಶಿಡ್ಲಘಟ್ಟದ ಎಂಟು ಯಂತ್ರಗಳ ವಿಷಯವನ್ನು ಬಾಯಲ್ಲೇ ಹೇಳಿದೆ.

“ಇದನ್ನ ಓದೋದಕ್ಕಿಂತ ಬಂದು ನೋಡೋದೇ ವಾಸಿ ಕಣ್ರೀ. ಬರೋ ಶುಕ್ರವಾರ ಶಿಡ್ಲಘಟ್ಟಕ್ಕೆ ಬರ್ತೀನಿ. ಸರಿ ಕಂಡ್ರೆ ಆ ಎಂಟು ಮಿಷನ್ನಿಗೂ ಹಾಕ್ಕೊಳ್ಳಿ. ಸರಿ ಕಾಣಲಿಲ್ಲ ಅನ್ನಿ, ಇದರಿಂದಾನೂ ತೆಗೀರಿ, ಎಂಟನ್ನೂ ಈ ವರ್ಷಾನೇ ಹರಾಜಿಗೆ ಕಳಿಸ್ತೀನಿ. ಆ ರೆಡ್ಡಿಯವರನ್ನೂ ಕರ್ಕೊಂಡು ಬನ್ನಿ, ಬೆಲ್ ಹೊಡೆಸಿದೋರು ಅವರೇ ಅಲ್ವಾ.”

ಶಮೀಮ್ ಬಾನು ಅವರಿಗೆ ಫೋನಿನಲ್ಲಿ ತಿಳಿಸಿದೆ. “ಒಂದೇ ಚಾನ್ಸ್ ಅನ್ನಿ ಸಾರ್” ಎಂದರು. ಕಿಟಕಿಯಲ್ಲಿ ಇಣುಕುವ ಹುಡುಗಿಯರ ನೆನಪು ನನಗೂ ಬಂತು.

ಇನ್ನು ನನ್ನ ಘನಕಾರ್ಯ. ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡಿದ ಯಾರಿಗೇ ಆದರೂ ಗೊತ್ತು: ತಪಾಸಣೆಯ ಹಿಂದಿನ ದಿನ ಗೋಡೆಗೆ ಸುಣ್ಣ ಹೊಡೆಯುತ್ತೇವೆ, ಗೇಟಿಗೆ ತೋರಣ ಕಟ್ಟುತ್ತೇವೆ, ಮಕ್ಕಳಿಗೆ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬರಲು ಹೇಳುತ್ತೇವೆ. ಸುಣ್ಣವಿಲ್ಲದ ತಪಾಸಣೆ ನಮ್ಮ ಕಲ್ಪನೆಗೇ ನಿಲುಕದು. ಬುಧವಾರ ಲ್ಯಾಪ್‌ಟಾಪನ್ನು ಮೂರು ಬಾರಿ ಆರಂಭಿಸಿ ಅಭ್ಯಾಸ ಮಾಡಿದ್ದೆ, ಎಲ್ಲವೂ ಸರಿಯಾಗಿತ್ತು. ಗುರುವಾರ ಸಂಜೆ ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ಬಂದವನು ಇಂಟರ್‌ನೆಟ್ ಅಂಗಡಿಯೊಂದರಲ್ಲಿ ತಂತಿ ಕೇಳಿ ಪಡೆದು ಜೋಡಿಸಿದೆ. ‘ಹೊಸ ಪರಿಷ್ಕರಣೆಗಳು ಲಭ್ಯವಿವೆ’ ಎಂದು ಲಿನಕ್ಸ್ ವಾರದಿಂದ ಹೇಳುತ್ತಲೇ ಇತ್ತು. ಸಾಹೇಬರು ಬರುವಾಗ ಹಳೆಯ ಬಟ್ಟೆಯೇ? ಎಲ್ಲವನ್ನೂ ಹಾಕಿಕೊಂಡೆ. ತೃಪ್ತಿಯಿಂದ ಯಂತ್ರವನ್ನು ಮುಚ್ಚಿ ಚೀಲಕ್ಕಿಟ್ಟೆ. ಹೊಸ ಬಟ್ಟೆ ತೊಡಿಸಿದ ಮಗುವನ್ನು ನಾಲ್ಕು ಹೆಜ್ಜೆ ನಡೆಸಿ ನೋಡಬೇಕೆಂಬುದು ಹೊಳೆಯಲಿಲ್ಲ.

ಶುಕ್ರವಾರ. ಶಾಲೆಯ ಸಭಾಂಗಣ. ಮುಂದಿನ ಸಾಲಿನಲ್ಲಿ ಸಾಹೇಬರು. ಪಕ್ಕದಲ್ಲಿ ಇಸ್ತ್ರಿ ಮಾಡಿದ ಜುಬ್ಬಾದಲ್ಲಿ ರೆಡ್ಡಿಯವರು. ಗೋಡೆಯ ಬದಿ ಶಮೀಮ್ ಬಾನು. ಬಾಗಿಲಲ್ಲಿ ಒಬ್ಬರ ಭುಜದ ಮೇಲೊಬ್ಬರು ಹತ್ತನೆಯ ತರಗತಿಯ ಹುಡುಗಿಯರು. ಚಾಲೂ ಮಾಡಿದೆ. ಪಟ್ಟಿ ಮೂಡಿತು. ಪಟ್ಟಿ ಮೊದಲಿಗಿಂತ ಸ್ವಲ್ಪ ಉದ್ದವಾಗಿದೆಯೆಂಬ ಶಂಕೆ ಮನಸ್ಸಿನಲ್ಲಿ ಮೊಳೆಯುತ್ತಿದ್ದಂತೆಯೇ ನನ್ನ ಬಾಯಿ ತನ್ನ ಅಭ್ಯಾಸದ ಪ್ರಕಾರ, “ಸಾರ್, ತಾವೇ ಮೊದಲ ಸಾಲನ್ನು ಒತ್ತಿ ಉದ್ಘಾಟಿಸಬೇಕು” ಎಂದುಬಿಟ್ಟಿತು.

“ಏ, ನಾನ್ಯಾಕ್ರೀ? ಹಿರಿಯರು ಇದಾರಲ್ಲ. ರೆಡ್ಡಿಯವರೇ, ಒತ್ತಿ.”

“ಅಯ್ಯಯ್ಯೋ, ಸಾಹೇಬ್ರ ಮುಂದೆ ನಾನಾ? ಸ್ಕೂಲು ಮೇಡಮ್ಮೋರ್ದು. ನೀವು ಒತ್ತಮ್ಮಾ.”

“ಸಾರ್, ಟೈಮ್—” ಎಂದು ಶಮೀಮ್ ಬಾನು ಮುಂದೆ ಬಂದರು.

ಪರದೆ ನೀಲಿಯಾಯಿತು. ವಿಂಡೋಸ್ ಅಲ್ಲ, ಲಿನಕ್ಸ್ ಅಲ್ಲ. ಬಿಳಿಯ ಅಂಕಿಗಳು ಸಾಲುಸಾಲಾಗಿ, ಶಾಲೆ ಬಿಟ್ಟ ಮಕ್ಕಳಂತೆ ಓಡತೊಡಗಿದವು. ಹುಡುಗಿಯರು “ಹಾ!” ಎಂದರು. ಸಾಹೇಬರು ಕನ್ನಡಕ ಏರಿಸಿ ಮುಂದಕ್ಕೆ ಬಾಗಿದರು.

“ಓಹೋ. ಇದೇನಾ ನಿಮ್ಮ ಎರಡನೇದು? ಭಾರಿ ಸ್ಪೀಡಾಗಿದೆ!”

ರೆಡ್ಡಿಯವರು ನನ್ನ ಕಿವಿಯಲ್ಲಿ, “ಹೌದು ಅಂದ್ಬಿಡಿ ಪಂಡಿತರೇ. ಅಂಕಿ ಓಡ್ತಾ ಐತೆ, ಸಾಹೇಬ್ರು ಖುಷಿಯಾಗವ್ರೆ, ಟೀ ಕುಡ್ಕೊಂಡು ಹೋಗ್ತಾರೆ” ಎಂದರು. ಒಪ್ಪಿಬಿಟ್ಟರೆ ಕೊಠಡಿಯ ಬೀಗ ತೆರೆಯುವ ಸಂಭವವಿತ್ತು. ನಿಜ ಹೇಳಿದರೆ ಎಂಟೂ ಯಂತ್ರಗಳು ಹರಾಜಿಗೆ. ಆದರೆ ಉತ್ತರ ಗೊತ್ತಿಲ್ಲದೆ ಗೊತ್ತೆಂದವರನ್ನು ಹದಿನೇಳು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಬಾಗಿಲಲ್ಲಿ ನಲವತ್ತು ಜೋಡಿ ಕಣ್ಣುಗಳಿದ್ದವು.

“ಇಲ್ಲ ಸಾರ್. ಇದು ಮೊದಲನೆಯದೂ ಅಲ್ಲ, ಎರಡನೆಯದೂ ಅಲ್ಲ. ಯಂತ್ರವು ತನ್ನ ನೆನಪಿನ ಶಕ್ತಿಯನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿದೆ. ಇಲ್ಲಿಗೆ ಏಕೆ ಬಂತೆಂದು ನನಗೆ ತಿಳಿಯದು. ನನ್ನ ಎಣಿಕೆ ಸರಿಯಾಗಿಯೇ ಇತ್ತು” ಎಂದು ಹೇಳಿ, ಸಾಕ್ಷಿಗಾಗಿ ಒಳಜೇಬಿನ ಹಾಳೆಯನ್ನು ತೆಗೆದೆ.

ಶಮೀಮ್ ಬಾನು ಹಾಳೆಯನ್ನು ಕೈಗೆ ತೆಗೆದುಕೊಂಡರು. ಅವರ ಹುಬ್ಬು ಮೇಲೇರಿತು.

“ಸಾರ್, ಒಂದರಿಂದ ಎಣಿಸಿದ್ರಾ?”

“ಮತ್ತೆಲ್ಲಿಂದ ಎಣಿಸಬೇಕು ಮೇಡಂ?”

“ಇದು ಸೊನ್ನೆಯಿಂದ ಎಣಿಸುತ್ತೆ. ಮತ್ತೆ, ಈ ಶೀರ್ಷಿಕೆ ಬಿಟ್ಟಿದೀರಿ?”

“ಶೀರ್ಷಿಕೆಯನ್ನು ಯಾರಾದರೂ ಎಣಿಸುತ್ತಾರೆಯೇ?”

“ಇದು ಎಣಿಸುತ್ತೆ ಸಾರ್.” ಅವರು ಸೀಮೆಸುಣ್ಣ ಹಿಡಿದು ಬೋರ್ಡಿಗೆ ಹೋದರು. ಹಳೆಯ ಪಟ್ಟಿಯ ಐದು ಸಾಲುಗಳನ್ನು ಬರೆದು ಸೊನ್ನೆಯಿಂದ ಎಣಿಸಿದರು. ಸೊನ್ನೆ, ಒಂದು, ಎರಡು, ಶೀರ್ಷಿಕೆ ಮೂರು, ವಿಂಡೋಸ್ ನಾಲ್ಕು. “ಎಲ್ಲಿಂದ ಶುರು ಅನ್ನೋದರಲ್ಲಿ ಒಂದು ಹೆಚ್ಚು, ಶೀರ್ಷಿಕೇಲಿ ಒಂದು ಕಡಿಮೆ. ಎರಡು ತಪ್ಪೂ ವಜಾ ಆಗಿ ಉತ್ತರ ಸರಿ ಬಂದಿದೆ. ನೆನ್ನೆ ಅಪ್‌ಡೇಟ್ ಮಾಡಿದ್ರಾ?”

“ಸುಣ್ಣ... ಹೌದು, ಮಾಡಿದೆ.”

“ಅದು ಮೇಲೆ ಎರಡು ಹೊಸ ಸಾಲು ಸೇರಿಸಿದೆ. ಈಗ ನಾಲ್ಕನೇದು ಅಂದ್ರೆ...” ಎಂದು ಎರಡು ಸಾಲು ಸೇರಿಸಿ, ಪುನಃ ಎಣಿಸಿ, ಮೆಮೊರಿ ಪರೀಕ್ಷೆಯ ಮುಂದೆ ನಾಲ್ಕು ಎಂದು ಬರೆದು ಸುತ್ತ ಗೆರೆ ಎಳೆದರು. “ಉತ್ತರ ಸರಿ, ವಿಧಾನ ತಪ್ಪು. ನಮ್ಮ ಹುಡುಗೀರಾದ್ರೆ ಅರ್ಧ ಮಾರ್ಕ್ಸ್ ಕೊಡ್ತೀನಿ.”

ಅಷ್ಟರಲ್ಲಿ ಯಾವುದೋ ಬಂಡಿ ಉರುಳಿದಂಥ ಸದ್ದು ಕೇಳಿತು. ಸಾಹೇಬರು ನಗುತ್ತಿದ್ದರು. ಮೀಸೆ ಕುಣಿಯುತ್ತಿತ್ತು, ಕುರ್ಚಿ ಅಲುಗುತ್ತಿತ್ತು, ಕಣ್ಣಿನಲ್ಲಿ ನೀರು ಬಂದಿತ್ತು. “ಎರಡು ತಪ್ಪು ಸೇರಿ ಒಂದು ಸರಿ! ಮೇಷ್ಟ್ರೇ, ಇಷ್ಟು ವರ್ಷ ಗಣಿತದ ಪೇಪರ್ ತಿದ್ದಿದೀನಿ, ಇಷ್ಟು ಶಿಸ್ತಾಗಿ ಯಾರೂ ತಪ್ಪು ಮಾಡಿರಲಿಲ್ಲ ಕಣ್ರೀ! ಅರ್ಧ ಯಾಕಮ್ಮ, ಮುಕ್ಕಾಲು ಕೊಡಿ!” ಎಂದರು. ರೆಡ್ಡಿಯವರು ಬೆಂಚು ತಟ್ಟಿಕೊಂಡು ನಕ್ಕರು. ಬಾಗಿಲಲ್ಲಿ ಹುಡುಗಿಯರು ದುಪಟ್ಟ ಬಾಯಿಗೆ ಒತ್ತಿಕೊಂಡು ನಕ್ಕರು. ಕೊನೆಗೆ ನನಗೂ ತಡೆಯಲಾಗಲಿಲ್ಲ. ಇಡೀ ಸೇವಾವಧಿಯಲ್ಲಿ ತರಗತಿಯ ಕೊಠಡಿಯೊಳಗೆ ನಾನು ಹೊಟ್ಟೆ ಹಿಡಿದು ನಕ್ಕದ್ದು ಅದೊಂದೇ ಬಾರಿ.

ನಗು ತಗ್ಗಿದ ಮೇಲೆ ಸಾಹೇಬರು ಒಂದು ಪ್ರಶ್ನೆ ಕೇಳಿದರು. “ಆ ಪಟ್ಟಿ, ಆ ಅಂಕಿ, ಎಲ್ಲಾ ತೆರೆದು ನೋಡ್ಬೋದಾ? ಈಗಲೇ ಸರಿ ಮಾಡ್ಬೋದಾ?” ಶಮೀಮ್ ಬಾನು ಯಂತ್ರವನ್ನು ಪುನಃ ಆರಂಭಿಸಿದರು, ಈ ಬಾರಿ ಯಾರನ್ನೂ ಕೇಳದೆ ತಾವೇ ಮೊದಲ ಸಾಲನ್ನು ಒತ್ತಿದರು. ಲಿನಕ್ಸ್ ಬಂತು. ಕಡತ ತೆರೆದು ನಾಲ್ಕನ್ನು ಆರು ಮಾಡಿದರು. ಮತ್ತೊಮ್ಮೆ ಆರಂಭಿಸಿದಾಗ ಸಾಹೇಬರು, “ಯಾರೂ ಮುಟ್ಟಬೇಡಿ” ಎಂದು ಕೈಗಡಿಯಾರ ಹಿಡಿದು ಎಣಿಸಿದರು. ಸೊನ್ನೆಯಿಂದಲೇ ಎಣಿಸಿದರೆಂಬುದನ್ನು ನಾನು ಗಮನಿಸಿದೆ. ಹತ್ತಕ್ಕೆ ಸರಿಯಾಗಿ ವಿಂಡೋಸ್ ಬಂತು.

“ಬೀಗ ತೆಗೆಸಿ” ಎಂದರು.

ಹೆಡ್‌ಮೇಡಂ ಬೀಗದ ಕೈ ತಂದರು. ಸೀರೆಯ ತುಂಡು ಸರಿಸಿ, ಒಂದು ಯಂತ್ರಕ್ಕೆ ಕರೆಂಟು ಕೊಟ್ಟು, ಪರ್ಸಿನ ಸಿ.ಡಿ.ಯನ್ನು ಹಾಕಿದೆವು. ಯಂತ್ರ ಕೆಮ್ಮಿತು, ನರಳಿತು, ರೀಲಿಂಗ್ ರಾಟೆಯಂತೆ ಗಿರ್ರೆಂದಿತು. ಆರು ನಿಮಿಷ. ರೆಡ್ಡಿಯವರು ತಮಗೆ ಗೊತ್ತಿದ್ದ ದೇವರ ಹೆಸರುಗಳನ್ನೆಲ್ಲ ಹೇಳಿ ಮುಗಿಸಿದ ಹೊತ್ತಿಗೆ ಪರದೆಯ ಮೇಲೆ ಬಣ್ಣ ಮೂಡಿತು. ಸಾಹೇಬರು ಬಹಳ ಹೊತ್ತು ನೋಡಿದರು. ಅವರ ಗಟ್ಟಿ ದನಿ ಎಲ್ಲಿಗೋ ಹೋಗಿತ್ತು.

“ಇದಾ, ನಾವು ಹರಾಜಿಗೆ ಹಾಕಬೇಕು ಅಂತಿದ್ದದ್ದು?”

ಆದರೂ ಆದೇಶವೆಂಬುದು ಯಂತ್ರಕ್ಕಿಂತ ನಿಧಾನವಾಗಿ ಏಳುತ್ತದೆ. ಟಿಪ್ಪಣಿ ಹೋಗಿ, ಕಡತ ಸುತ್ತಿ, ನನ್ನ ಕೈಗೆ ಪತ್ರ ಬರುವಷ್ಟರಲ್ಲಿ ಎರಡೂವರೆ ತಿಂಗಳು ಕಳೆದವು. ಆ ಅವಧಿಯಲ್ಲಿ ಶಮೀಮ್ ಬಾನು ಪ್ರತಿ ಶುಕ್ರವಾರ ನನ್ನನ್ನು ಕೇಳುತ್ತಿದ್ದದ್ದು ಒಂದೇ ಪದ: “ಬಂತಾ?” ಕೊನೆಗೆ ಬಂತು. ಎಂಟು ಯಂತ್ರಗಳಿಗೂ ಅನುಮತಿ. ಲ್ಯಾಪ್‌ಟಾಪಿನಲ್ಲಿ ಎರಡೂ ವ್ಯವಸ್ಥೆಗಳು ಮುಂದುವರಿಯತಕ್ಕದ್ದು. ಕೊನೆಯ ಷರತ್ತನ್ನು ಸಾಹೇಬರು ತಾವೇ ಕೈಯಾರೆ ಸೇರಿಸಿದ್ದರು: ‘ಆಯ್ಕೆಯ ಪಟ್ಟಿಯು ಹತ್ತು ಸೆಕೆಂಡುಗಳಿಗೆ ಬದಲಾಗಿ ಅರವತ್ತು ಸೆಕೆಂಡುಗಳ ಕಾಲ ಕಾಯತಕ್ಕದ್ದು, ನಮ್ಮ ಇಲಾಖೆಯಲ್ಲಿ ಹತ್ತು ಸಾಲದು.’ ಆ ಅಂಕಿಯನ್ನು ಅಂದೇ ಬದಲಾಯಿಸಿದೆ. ಆದೇಶವೊಂದನ್ನು ನಗುತ್ತ ಪಾಲಿಸಿದ್ದು ನನ್ನ ಸೇವೆಯಲ್ಲಿ ಅದು ಮೊದಲು.

ಮುಂದಿನ ಎರಡು ವಾರ ಶಮೀಮ್ ಬಾನು ಮತ್ತು ನಾನು ಎಂಟು ಯಂತ್ರಗಳಿಗೂ ಲಿನಕ್ಸ್ ಅಳವಡಿಸಿದೆವು. ಅವುಗಳಲ್ಲಿ ಒಂದೇ ವ್ಯವಸ್ಥೆ. ಗೇಟಿನಲ್ಲಿ ಜವಾನನಿಲ್ಲ, ಪಟ್ಟಿಯಿಲ್ಲ. ಸುಣ್ಣ ಹೊಡೆಸೋಣವೇ ಎಂದು ಹೆಡ್‌ಮೇಡಂ ಕೇಳಿದಾಗ ನಾವಿಬ್ಬರೂ ಒಂದೇ ದನಿಯಲ್ಲಿ ಬೇಡವೆಂದೆವು.

ಕೊಠಡಿ ತೆರೆಯುವ ದಿನ ಸಾಹೇಬರೂ ರೆಡ್ಡಿಯವರೂ ಬಂದರು. ಎಂಟು ಹುಡುಗಿಯರು ಎಂಟು ಯಂತ್ರಗಳ ಮುಂದೆ ಕುಳಿತಿದ್ದರು. ಉಳಿದವರು ಅವರ ಬೆನ್ನಿಗೆ. ಈ ಬಾರಿ ಕಿಟಕಿಯ ಹೊರಗೆ ಯಾರೂ ಇರಲಿಲ್ಲ. ನಾನು ಗಂಟಲು ಸರಿಪಡಿಸಿಕೊಂಡು, “ಮೊದಲ ಗುಂಡಿಯನ್ನು ಸಾಹೇಬರು...” ಎಂದೆ. “ರೆಡ್ಡಿಯವರು ನಿವೃತ್ತಿಗೆ ಹತ್ತಿರ ಇದಾರೆ, ಅವರೇ ಒತ್ಲಿ” ಎಂದರು ಸಾಹೇಬರು. “ಆ ಅರ್ಧ ಮಾರ್ಕ್ಸ್ ಪಂಡಿತರು ಒತ್ಲಿ ಸಾರ್, ಪೂರ್ತಿ ಮಾಡ್ಕೊಳ್ಲಿ” ಎಂದರು ರೆಡ್ಡಿಯವರು. “ಛೆ ಛೆ, ತಾವು...” ಎಂದು ನಾನು ಕೈಮುಗಿಯುತ್ತಿದ್ದಂತೆ ಹಿಂದಿನಿಂದ ಗಿರ್ರೆಂಬ ಸದ್ದು ಕೇಳಿತು. ನಾವು ಮೂವರೂ ತಿರುಗಿ ನೋಡಿದೆವು. ಎಂಟೂ ಹುಡುಗಿಯರು ಒತ್ತಿಯಾಗಿತ್ತು. ಶಮೀಮ್ ಬಾನು ಗೋಡೆಗೊರಗಿ, ತಮಗೇನೂ ತಿಳಿಯದೆಂಬಂತೆ ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತಿದ್ದರು. ಅಂದು ೨೦೦೮ನೆಯ ಇಸವಿ ಜನವರಿ ೧೮, ಶುಕ್ರವಾರ. ಸಮಯ, ಎಂಟೂ ಪರದೆಗಳ ಪ್ರಕಾರ, ಬೆಳಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ.